ಅಪ್ಪನ ಕಣ್ಣಳತೆ

ಅಪ್ಪ ಏರ್‌ಲೈನ್ಸ್‌ನಲ್ಲಿದ್ದರು ಎಂದರೆ ಸಾಕು, ಇಲ್ಲಿ ನ್ಯೂಜೆರ್ಸಿಯ ಅಂಕಲ್‌ಗಳೆಲ್ಲ "ಪೈಲಟ್ಟಾ?" ಎಂದು ಕೇಳುತ್ತಾರೆ. ಅಲ್ಲ ಸ್ವಾಮಿ, ಅಪ್ಪ ತೂಕ ಹಾಕುತ್ತಿದ್ದರು. ರೆಕ್ಕೆಗೊಂದು ಫ್ಯಾನು ತಿರುಗುತ್ತಿದ್ದ ಡಕೋಟಾ ಕಾಲ ಅದು. ಪೆಟ್ಟಿಗೆಗಳನ್ನಷ್ಟೇ ಅಲ್ಲ, ಜನರನ್ನೂ ತಕ್ಕಡಿಯ ಮೇಲೆ ನಿಲ್ಲಿಸಿ ತೂಗಿಯೇ ವಿಮಾನ ಹತ್ತಿಸುತ್ತಿದ್ದರು. ಅಪ್ಪ ಕೂಡಿಸಿ ಬರೆದ ಹಾಳೆಗೆ ಕ್ಯಾಪ್ಟನ್ ಸಹಿ ಬೀಳದೆ ವಿಮಾನ ಅಲುಗಾಡುತ್ತಿರಲಿಲ್ಲ.

ಆಗ ಬೆಂಗಳೂರಿನಿಂದ ಮಹಾರಾಣಿಯೊಬ್ಬರು ಆಗಾಗ ಹೋಗಿಬರುತ್ತಿದ್ದರಂತೆ. ರಾಜ್ಯ ಹೋಗಿತ್ತು, ಗತ್ತು ಹೋಗಿರಲಿಲ್ಲ. ರಾಣಿಗೆ ತಕ್ಕಡಿ ಹತ್ತಿ ಎನ್ನುವುದುಂಟೆ? ಮ್ಯಾನೇಜರು ಅಪ್ಪನ ಮುಖ ನೋಡುತ್ತಿದ್ದರು. ಕಾರಿನಿಂದ ಇಳಿದ ರಾಣಿ ವಿಮಾನದ ಮೆಟ್ಟಿಲು ಮುಟ್ಟುವಷ್ಟರಲ್ಲಿ ಅಪ್ಪ ಕಣ್ಣಳತೆಯಲ್ಲೇ ಅಂಕಿ ಬರೆದಿರುತ್ತಿದ್ದರು. "ರಾಣಿ ಆದ್ರೇನು, ಅದು ವಿಮಾನಕ್ಕೆ ಗೊತ್ತಾಗತ್ಯೇ? ಅನುಮಾನ ಇದ್ರೆ ಎರಡು ಕೆ.ಜಿ. ಜಾಸ್ತಿ ಬರೀಬೇಕು, ಕಮ್ಮಿ ಬರೀಬಾರ್ದು" ಎಂದು ನನಗೆ ಪಾಠ ಹೇಳುತ್ತಿದ್ದರು. ಬಸ್‌ಸ್ಟಾಪಿನಲ್ಲಿ ಕಂಡಕಂಡವರ ತೂಕ ಹೇಳುವುದೇ ನಮ್ಮಿಬ್ಬರ ಆಟ. ಮದುವೆಮನೆಯಲ್ಲಿ ಬೀಗಿತ್ತಿಯ ತೂಕ ಗಟ್ಟಿಯಾಗಿ ಹೇಳಿ ಅಮ್ಮನ ಕೈಲಿ ಏಟು ತಿಂದಿದ್ದೇನೆ.

ಅಮ್ಮ ಹೋದ ಮೇಲೆ ಅಪ್ಪನನ್ನು ನನ್ನ ಜೊತೆ ಇಲ್ಲಿಗೆ ಕರೆತಂದೆ. ನಮ್ಮವರೇ ತುಂಬಿರುವ ಐಸೆಲಿನ್ ಪೇಟೆಯಲ್ಲಿ ಸೀರೆ ಅಂಗಡಿಯ ಎದುರು ಕಾರು ನಿಲ್ಲಿಸಿಕೊಂಡು ಮತ್ತೆ ಅದೇ ಆಟ. ಆಮೇಲೆ ಅವರ ಕಣ್ಣು ಮಂಜಾಯಿತು. ಹೋದ ವರ್ಷ ಹೊಟ್ಟೆಯಲ್ಲಿ ಗಡ್ಡೆ ಎಂದರು. ಮದ್ದಿಗೆ ಬಗ್ಗುವಂಥದ್ದಲ್ಲ, ತೂಕ ಇಳಿಯುತ್ತಾ ಹೋಗುತ್ತದೆ ಎಂದು ಡಾಕ್ಟರು ಅವರೆದುರೇ ಹೇಳಿದರು.

ಕಾರಿನಲ್ಲಿ ಅಪ್ಪ ಹೇಳಿದ್ದು ಇಷ್ಟೇ. "ನಲವತ್ತೈದಕ್ಕೆ ಇಳಿದ ದಿನ ನಂಗೆ ಹೇಳ್ಬಿಡು ಪುಟ್ಟಿ. ಮೈಸೂರಿಗೆ ಫೋನ್ ಮಾಡಿ ನಿಮ್ಮತ್ತೆ ಹತ್ರ ಮಾತಾಡ್ಬೇಕು. ಈಗಲೇ ಹೇಳಿದ್ರೆ ದಿನಾ ಅಳ್ತಾ ಕೂತ್ಕೋತಾಳೆ." ಅತ್ತೆ ಅಪ್ಪನಿಗಿದ್ದ ಒಬ್ಬಳೇ ತಂಗಿ. ಆಯ್ತು ಎಂದೆ.

ಬರಬರುತ್ತಾ ಅವರಿಗೆ ಒಬ್ಬರೇ ನಿಲ್ಲಲಾಗುತ್ತಿರಲಿಲ್ಲ. ನಾನು ಗಟ್ಟಿಮುಟ್ಟಿನ ಹೆಂಗಸು. ಪ್ರತಿ ಭಾನುವಾರ ಸ್ನಾನಕ್ಕೆ ಮುಂಚೆ ಅವರನ್ನು ಎತ್ತಿಕೊಂಡು ತಕ್ಕಡಿ ಹತ್ತುವುದು, ಬಂದ ತೂಕದಲ್ಲಿ ನನ್ನದನ್ನು ಕಳೆಯುವುದು. "ಎಷ್ಟು?" ಎನ್ನುತ್ತಿದ್ದರು, ಕಿವಿಯ ಪಕ್ಕದಲ್ಲೇ. ನಲವತ್ತೈದು ಬಂದ ದಿನ ನಲವತ್ತೆಂಟು ಎಂದೆ. ಬಾಯಿಗೆ ಬಂದದ್ದೇ ಅದು. ಮುಂದಿನ ವಾರ ನಲವತ್ಮೂರು, ನಾನು ನಲವತ್ತೆಂಟರಲ್ಲೇ ನಿಂತೆ. ಆ ಅಂಕಿ ಹೇಳಿದರೆ ಅವರು ಫೋನ್ ಮಾಡುತ್ತಾರೆ, ಮಾಡಿದರೆ ಎಲ್ಲ ಮುಗಿದಂತೆ ಎಂಬ ಭಯ ನನಗೆ.

ಒಂದು ಭಾನುವಾರ ಅಪ್ಪ, "ಜಾಸ್ತಿ ಬರೀತಿದೀಯೇನೇ?" ಎಂದರು.

ನನಗೆ ಎಲ್ಲಿತ್ತೋ ಕೋಪ. "ನನ್ನ ಮೇಲೆ ನಂಬಿಕೆ ಇಲ್ದಿದ್ರೆ ನೀವೇ ನೋಡ್ಕೊಳಿ" ಎಂದು ಕಾಣದ ಕಣ್ಣಿನವರಿಗೆ ಹೇಳಿಬಿಟ್ಟೆ.

"ತಪ್ಪಾಯ್ತು ಕಣೆ" ಎಂದರು. ಮತ್ತೆ ಕೇಳಲಿಲ್ಲ. ಆ ಮಾತಿಗೆ ನನ್ನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಎರಡು ವಾರ ಕಳೆದು, ಗುರುವಾರ ಬೆಳಿಗ್ಗೆ ಕಾಫಿ ತಂದಾಗ ಅಪ್ಪ ಇರಲಿಲ್ಲ.

ಫ್ಯೂನರಲ್ ಹೋಮಿನವನು ಫಾರಂ ತುಂಬಿಸುತ್ತಾ ತಂದೆಯವರ ತೂಕ ಎಷ್ಟು ಎಂದು ಕೇಳಿದ. ದಹನಕ್ಕೆ ಬೇಕು, ಅಂದಾಜು ಹೇಳಿದರೂ ಸಾಕು ಎಂದ.

"ಅಂದಾಜಲ್ಲ. ಮೂವತ್ತೆಂಟು ಕೆ.ಜಿ." ಎಂದೆ.

ಅವನು ಅದನ್ನು ಪೌಂಡಿಗೆ ತಿರುಗಿಸಿ ಬರೆದುಕೊಂಡ. ಮೈಸೂರಿಗೆ ನಾನಿನ್ನೂ ಫೋನ್ ಮಾಡಿರಲಿಲ್ಲ.