ಹಳೇ ಬಂದೂಕಿಗೆ ಬೆಲೆ ಕಟ್ಟುವ ಚಂದ್ರಾಮ

ಮುಂಬಯಿಯ ಪರೇಲಿನ ಗಲ್ಲಿಯಲ್ಲಿ ಚಹಾದವನು ಸ್ಟೋವ್ ಹೊತ್ತಿಸುವಾಗಲೇ ಚಂದ್ರಾಮ ಬಂದೂಕಿನ ಅಂಗಡಿಯ ಮೂಡಣ ಕಿಟಕಿಯ ಮುಂದೆ ನಿಂತಾಗಿದೆ. ಕೈಯಲ್ಲಿ ಬಿಚ್ಚಿದ ಜೋಡುನಳಿಗೆ. ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ನಳಿಗೆಯ ಬಾಯಿಗಿಟ್ಟು ಬೆಳಕಿನತ್ತ ನೋಡುತ್ತಾರೆ. ಟ್ಯೂಬ್‌ಲೈಟಿನ ಕೆಳಗೆ ಎಲ್ಲ ಬಂದೂಕೂ ಚೆಂದವೇ, ತುಕ್ಕು ತಿಂದ ಗುಳಿ ಕಾಣಬೇಕಾದರೆ ಎಳೆಬಿಸಿಲೇ ಬೇಕು ಎಂಬುದು ಅವರ ಹಟ. ಅದಕ್ಕೇ ಚೆಂಬೂರಿನಿಂದ ಕತ್ತಲಿರುವಾಗಲೇ ಲೋಕಲ್ ಹಿಡಿಯುತ್ತಾರೆ. ಅಂಗಡಿಯ ಮೇಲೆಯೇ ಮನೆ ಮಾಡಿರುವ ಮಾಲೀಕ ಶಶಿಕಾಂತ ಶೇಟ್ ಗೊಣಗುತ್ತ ಇಳಿದು ಬಂದು, ತಿಜೋರಿ ತೆಗೆದುಕೊಟ್ಟು, ಅಲ್ಲೇ ಕುರ್ಚಿಯಲ್ಲಿ ಆಕಳಿಸುತ್ತ ಕೂರುತ್ತಾರೆ.

ಇಂದು ಬೆಲೆಗೆ ಕಾದಿರುವುದು ಮಲಾಡಿನ ದೇವಕ್ಕನ ಬಂದೂಕು. ಅವರ ಮಾವ ಪರೇಲಿನ ಮಿಲ್ಲೊಂದರ ಕಾವಲುಗಾರ. ಮಿಲ್ಲು ಮುಚ್ಚಿದಾಗ ಧಣಿಗಳು ಕಾಗದಪತ್ರ ಮಾಡಿಸಿ ಕೊಟ್ಟ ಬಂದೂಕು ಮುಂದೆ ಮಗ, ಅಂದರೆ ದೇವಕ್ಕನ ಗಂಡ ಸಿದ್ದರಾಮಪ್ಪನಿಗೆ ಬಂತು. ಕಳೆದ ವರ್ಷ ಸಿದ್ದರಾಮಪ್ಪ ತೀರಿಕೊಂಡರು. ಮನೆಯಲ್ಲಿ ಇನ್ನಾರಿಗೂ ಲೈಸೆನ್ಸಿಲ್ಲ, ಬೇಕಾಗಿಯೂ ಇಲ್ಲ. ಮೊದಲು ನೋಡಿದ ಬೇರೊಬ್ಬ ವ್ಯಾಪಾರಿ ಟಾರ್ಚ್ ಬಿಟ್ಟು, ಒಳಗೆಲ್ಲ ತುಕ್ಕು, ಇದು ಗುಜರಿ, ಪೊಲೀಸರಿಗೆ ಒಪ್ಪಿಸಿದರೆ ಕತ್ತರಿಸಿ ಹಾಕುತ್ತಾರೆ ಎಂದುಬಿಟ್ಟನಂತೆ. ಹೊರಮೈ ನೋಡಿ ನಕ್ಕೂ ಬಿಟ್ಟನಂತೆ.

ನಗುವುದಕ್ಕೆ ಕಾರಣವೂ ಇತ್ತು. ಪ್ರತಿವರ್ಷ ಖಂಡೇನವಮಿಯ ಆಯುಧಪೂಜೆಗೆ ದೇವಕ್ಕ ಗಂಡನ ಮುಂದೆಯೇ ಆ ಬಂದೂಕನ್ನು ಹುಣಸೆಹಣ್ಣು, ಬೂದಿ ಹಾಕಿ, ಪೂಜೆಯ ತಂಬಿಗೆ ಬೆಳಗಿದ ಹಾಗೆ ಬೆಳಗುತ್ತಿದ್ದರು. ಹಳೇ ಬಂದೂಕು ಕೊಳ್ಳುವವರು ಹುಡುಕುವುದೇ ಕಾಲಕಾಲಕ್ಕೆ ಮಾಗಿದ ಕಂದು ಬಣ್ಣವನ್ನು. ಅದು ಪೂರ್ತಿ ಮಾಯ. ಗಂಡನ ಮನೆಯ ವಸ್ತುವನ್ನು ಕೈಯಾರೆ ಕೆಡಿಸಿದೆನಲ್ಲ ಎಂಬ ಕೊರಗು ಅಂದಿನಿಂದ ಆ ತಾಯಿಗೆ ಊಟ ಸೇರದಂತೆ ಮಾಡಿದೆ. ಮಧ್ಯಾಹ್ನ ಉತ್ತರ ಕೇಳಲು ಬರುವವರಿದ್ದಾರೆ.

ಚಂದ್ರಾಮ ವಿಜಯಪುರ ಜಿಲ್ಲೆಯ ಇಂಡಿ ಕಡೆಯವರು. ಮೀಸೆ ಮೂಡುವ ಮೊದಲೇ ಸೋದರಮಾವನ ಬೆನ್ನು ಹತ್ತಿ ಮುಂಬಯಿಗೆ ಬಂದು, ಇದೇ ಅಂಗಡಿಯ ಕಸ ಗುಡಿಸುತ್ತ, ಹಳೆಯ ಮಿಸ್ತ್ರಿಯ ಕೈ ನೋಡಿ ನೋಡಿ ಕೆಲಸ ಕಲಿತರು. ಕಸುಬಿನ ಹೆಸರು ಕೇಳಿಯೇ ಚಾಳಿನವರು ಬಾಡಿಗೆಗೆ ಖೋಲಿ ಕೊಡಲಿಲ್ಲ. ಮದುವೆಯೂ ತಪ್ಪುವುದರಲ್ಲಿತ್ತು. “ಹುಡುಗ ಚಲೋ ಅದಾನ, ಸಿಟ್ಟ ಬಂದ್ರ ಏನ ಗತಿ ಅಂತ ಹೆಣ್ಣ ಕೊಡೂ ಮಾವ ಹಿಂದ ಸರದಿದ್ರು. ನಾ ಜಲ್ಮದಾಗ ಒಂದ ಗುಂಡ ಹಾರಿಸಿಲ್ರಿ” ಎಂದು ಈಗ ನಗುತ್ತಾರೆ. ಹೆಂಡತಿ ಶಿವಕುಮಾರಿಯವರನ್ನು ಕೇಳಿದರೆ ಗಂಡನ ಸಿಟ್ಟೆಲ್ಲ ರೊಟ್ಟಿ ದಪ್ಪವಾದಾಗ ಮಾತ್ರವಂತೆ.

ದಿನಕ್ಕೆ ಎರಡೋ ಮೂರೋ ಬಂದೂಕು ಬರುತ್ತವೆ. ತಂದವರೆಲ್ಲರ ಅಜ್ಜನಿಗೂ ಅದನ್ನು ಯಾವನೋ ರಾಜನೇ ಕೊಟ್ಟಿರುತ್ತಾನೆ! ಬೆಲೆ ಕೇಳಿದ ಮೇಲೆ ಜಗಳವಾಡಿ ಹೋಗುವವರೇ ಹೆಚ್ಚು. ಚಂದ್ರಾಮ ಎದುರಾಡುವುದಿಲ್ಲ, ಬೆಲೆಯನ್ನೂ ಬದಲಿಸುವುದಿಲ್ಲ.

ಬಿಸಿಲು ಕಿಟಕಿಗೆ ಬರುತ್ತದೆ. ನಳಿಗೆಯ ಒಳಗೆ ಕಪ್ಪುಗಂದು ಹಕ್ಕಳೆ ಕಟ್ಟಿರುವುದು ನಿಜ. ಚಂದ್ರಾಮರ ಮುಖವೂ ಒಂದು ಕ್ಷಣ ಬಾಡುತ್ತದೆ. ಆಮೇಲೆ ಏನೋ ಅನುಮಾನ ಬಂದು, ಉಗುರಿನಿಂದ ಅಂಚನ್ನು ಕೆರೆದು ಮೂಗಿಗೆ ಹಿಡಿಯುತ್ತಾರೆ. ಹಿಡಿದವರು ಅಲ್ಲೇ ನಿಂತುಬಿಡುತ್ತಾರೆ. ತುಕ್ಕಿಗೆ ಈ ವಾಸನೆ ಇರುವುದಿಲ್ಲ. “ಇದು ಕುಸುಬಿ ಎಣ್ಣಿ ರೀ. ಒಣಗಿ ಅಂಟಾಗಿ ಕುಂತೈತಿ. ನಮ್ಮವ್ವನ ಎಣ್ಣಿ ಡಬ್ಬಿ ಬಾಯಿಗೆ ಹಿಂಗ ಮೆತ್ತಿರತಿತ್ತು.”

ಸೀಮೆಎಣ್ಣೆ ಸುರಿದು, ನೆನೆಯಲು ಬಿಟ್ಟು, ಸರಳಿಗೆ ಬಟ್ಟೆ ಸುತ್ತಿ ಎಳೆಯುತ್ತಾರೆ. ಬಟ್ಟೆ ಕಂದಾಗಿ ಬರುತ್ತದೆ, ಮತ್ತೊಂದು, ಇನ್ನೊಂದು. ಕೊನೆಗೆ ನಳಿಗೆಯನ್ನು ಬೆಳಕಿಗೆ ಹಿಡಿದರೆ ಒಳಮೈ ಕನ್ನಡಿ. ಈ ಊರಿನ ಉಪ್ಪುಗಾಳಿಗೆ ಕಿಟಕಿಯ ಸರಳೇ ಉಳಿಯುವುದಿಲ್ಲ, ಇಲ್ಲಿ ಒಂದು ಗುಳಿಯೂ ಇಲ್ಲ. ಶೇಟ್ ಆಕಳಿಸುವುದನ್ನು ನಿಲ್ಲಿಸಿ, ಲೈಸೆನ್ಸಿರುವ ಸಂಗ್ರಾಹಕರೊಬ್ಬರಿಗೆ ಫೋನ್ ಹಚ್ಚುತ್ತಾರೆ.

ಮಧ್ಯಾಹ್ನ ದೇವಕ್ಕ ಮಗಳು ಸೌಮ್ಯಾಳ ಜೊತೆ ಬರುತ್ತಾರೆ. ಬೆಲೆ ಎಷ್ಟೆಂದು ಕೇಳುವುದಿಲ್ಲ. “ಕತ್ತರಸೂದಿಲ್ಲಲ್ರಿ ಅಣ್ಣಾರ?” ಎಂದಷ್ಟೇ ಕೇಳುತ್ತಾರೆ.

ಪೂಜೆಯಾದ ಮೇಲೆ ಒಳಗೆ ಎಣ್ಣೆ ಹಾಕುತ್ತಿದ್ದವರು ಯಾರೆಂದು ಚಂದ್ರಾಮ ತಿರುಗಿ ಕೇಳುತ್ತಾರೆ. ತಾನೇ, ಕೋಲಿಗೆ ಅರಿವೆ ಸುತ್ತಿ, ಅಡಿಗೆಗೆ ಊರಿಂದ ತರಿಸಿದ್ದ ಎಣ್ಣೆಯನ್ನೇ ಎಂದು ದೇವಕ್ಕ ಇನ್ನೊಂದು ತಪ್ಪು ಒಪ್ಪಿಕೊಳ್ಳುವವರಂತೆ ಹೇಳುತ್ತಾರೆ.

“ಸುಳ್ಳ ಹೇಳೂದಿಲ್ರಿ ಅಕ್ಕಾರ. ಮ್ಯಾಲಿನ ಬಣ್ಣ ಹೋಗೇತಿ, ಅದರಷ್ಟ ಬೆಲಿ ಇಳಿತೈತಿ. ಆದ್ರ ನೀವು ಆ ಎಣ್ಣಿ ಹಾಕದಿದ್ರ ಇದು ಯಾವಾಗೋ ಗುಜರಿ ಆಗತಿತ್ತು. ಕೊಳ್ಳಾವ್ರು ನಾಳೆ ನೋಡಾಕ ಬರ್ತಾರ. ಕತ್ತರಸೂ ಮಾತ ಇಲ್ಲ.”

ದೇವಕ್ಕ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ಮಗಳು ಅರ್ಧ ಹಿಂದಿ, ಅರ್ಧ ಕನ್ನಡದಲ್ಲಿ ಇನ್ನಾದರೂ ಉಣ್ಣು ಎಂದು ಗದರಿಸುತ್ತ ಅವರನ್ನು ಮೆಟ್ಟಿಲಿಳಿಸಿಕೊಂಡು ಹೋಗುತ್ತಾಳೆ. ಚಂದ್ರಾಮ ಬಾಗಿಲವರೆಗೆ ಬಂದು ನಿಲ್ಲುತ್ತಾರೆ.

“ನಾ ಕೆಡಿಸಿದೆ ಅಂತ ಬಂದಿದ್ರು. ನಾನಽ ಉಳಿಸೀನಿ ಅಂತ ಹೊಂಟಾರ ನೋಡ್ರಿ. ಈ ತಿಂಗಳ ಪಗಾರ ನನಗ ಇವತ್ತಽ ಬಂತು.”