ಪಕ್ಕದ ಮನೆಯ ಏಸಿ

ಪುತ್ತೂರಿನ ದರ್ಬೆಯಲ್ಲಿ ನಾವು ಬಾಡಿಗೆಗಿದ್ದಾಗ ಪಕ್ಕದ ಮನೆಯ ಅಕ್ಕ ಮಲಗುವ ಕೋಣೆಗೆ ಏಸಿ ಹಾಕಿಸಿದರು. ಅದರ ರಿಮೋಟನ್ನು ಮಾತ್ರ ಯಾರ ಕೈಗೂ ಕೊಡುತ್ತಿರಲಿಲ್ಲ. ಊಟವಾದ ಮೇಲೆ ಇಪ್ಪತ್ತಾರು ಡಿಗ್ರಿಗೆ ಇಟ್ಟು, ಫ್ಯಾನನ್ನು ಮೆಲ್ಲಗೆ ತಿರುಗಲು ಬಿಟ್ಟು, ಕೋಣೆ ತಂಪಾದ ಕೂಡಲೇ ಆರಿಸಿಬಿಡುತ್ತಿದ್ದರು. ಇನ್ನೂ ಸ್ವಲ್ಪ ತಣ್ಣಗೆ ಮಾಡೆಂದು ಗಂಡ ಕೇಳಿದರೆ, "ಪುತ್ತೂರನ್ನು ಊಟಿ ಮಾಡ್ಲಿಕ್ಕೆ ಆಗುದಿಲ್ಲ ಮಾರಾಯ್ರೆ" ಎನ್ನುವರು. ದಿನಾ ಕೇಳುವ ಆ ಮಾತಿಗೆ ಗೋಡೆಯಾಚೆ ನಾನು ನಗುತ್ತಿದ್ದೆ.

ಒಂದು ಏಪ್ರಿಲ್‌ನಲ್ಲಿ ನನ್ನ ಮಗುವಿಗೆ ಮೈಯೆಲ್ಲ ಬೆವರುಗುಳ್ಳೆ ಎದ್ದವು. ಒಂದು ಮಧ್ಯಾಹ್ನ ನಿದ್ದೆಯಿಲ್ಲದೆ ಅದು ಅಳುತ್ತಲೇ ಇತ್ತು. ನಾನೂ ಅಳುವುದೊಂದು ಬಾಕಿ. ಅಷ್ಟರಲ್ಲಿ ಅಕ್ಕ ಬಂದು ಮಗುವನ್ನು ಎತ್ತಿಕೊಂಡು, "ಬಾ, ನಮ್ಮ ಕೋಣೆಯಲ್ಲಿ ಮಲಗಿಸುವ" ಎಂದು ಹೊರಟೇಬಿಟ್ಟರು. ಅಲ್ಲಿ ಸ್ವಲ್ಪ ಹೊತ್ತಿಗೇ ಮಗುವಿಗೆ ನಿದ್ದೆ ಬಂತು, ಪಕ್ಕದಲ್ಲಿ ಒರಗಿದ ನನಗೂ.

ಎಚ್ಚರವಾದಾಗ ಸಂಜೆಯಾಗುತ್ತಿತ್ತು, ಏಸಿ ಇನ್ನೂ ಓಡುತ್ತಿತ್ತು. ಕಿಟಕಿಯ ಗಾಜಿನಾಚೆ ಅಕ್ಕ ಸುಡುವ ಜಗಲಿಯಲ್ಲಿ ಕುಳಿತು ಪೇಪರಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ರವಿಕೆಯ ಬೆನ್ನೆಲ್ಲ ಒದ್ದೆಯಾಗಿತ್ತು. ನಾನು ಹೊರಗೆ ಬಂದು, "ಅಕ್ಕ, ಇಲ್ಲಿ ಎಂತಕ್ಕೆ ಕೂತದ್ದು?" ಎಂದೆ.

"ಯಾರಾದ್ರೂ ಬಂದು ಬೆಲ್ ಒತ್ತಿದ್ರೆ ಮಗು ಏಳುದಿಲ್ವಾ?"

ನನಗೆ ಕಣ್ಣು ತುಂಬಿ ಬಂತು. ಅಕ್ಕನ ಕಣ್ಣು ನನ್ನ ಬೆನ್ನ ಹಿಂದಕ್ಕೆ ಹೋಯಿತು.

"ಅಯ್ಯೋ ಮಾರಾಯ್ತಿ, ಕೋಣೆಯ ಬಾಗಿಲು ಹಾಕಿ ಬರ್ಲಿಲ್ವಾ ನೀನು? ತಂಪೆಲ್ಲ ಜಗಲಿಗೆ ಬಂತಲ್ಲ!"