ಹೆಣ್ಣು ಪಾತ್ರಕ್ಕೆ ಹೆಣ್ಣು ಬೇಡ

ಸಿಡ್ನಿಯ ಪ್ಯಾರಮಟ್ಟಾದಲ್ಲಿ ನಮ್ಮ ಎದುರು ಫ್ಲಾಟಿನಲ್ಲಿದ್ದ ಜಪಾನಿ ಗೆಳತಿ ಕಬುಕಿ ನಾಟಕದ ಮನೆತನದವಳು. ಅಲ್ಲಿ ಹೆಣ್ಣಿನ ಪಾತ್ರವನ್ನೂ ಗಂಡಸರೇ ಮಾಡಬೇಕು. ನಟರ ಹೆಣ್ಣುಮಕ್ಕಳು ಚಿಕ್ಕವರಿದ್ದಾಗ ರಂಗ ಹತ್ತಬಹುದು, ಮೈನೆರೆಯುವ ಹೊತ್ತಿಗೆ ಇಳಿಸಿಬಿಡುತ್ತಾರೆ. ಇವಳನ್ನೂ ಇಳಿಸಿದರು. ಆಮೇಲೆ ತಮ್ಮನಿಗೆ ಹೆಣ್ಣಿನ ನಡಿಗೆ ಕಲಿಸುವ ಕೆಲಸ ಮಾತ್ರ ಇವಳದೇ ಆಯಿತು!

ಇದನ್ನು ಕೇಳಿದ ದಿನ ನನಗೆ ಮೈಯೆಲ್ಲ ಉರಿಯಿತು. ಹೊನ್ನಾವರದಲ್ಲಿ ಶಾಲೆಯ ಯಕ್ಷಗಾನದಲ್ಲಿ ಕೃಷ್ಣನಾಗಿ ಕುಣಿಯುತ್ತಿದ್ದ ನನಗೂ "ದೊಡ್ಡವಳಾದೆ, ಇನ್ನು ಸಾಕು" ಎಂದು ಗೆಜ್ಜೆ ಬಿಚ್ಚಿಸಿದ್ದರು. ಮರುವರ್ಷ ಪಕ್ಕದ ಮನೆಯ ಹುಡುಗ ಚಿಗುರುಮೀಸೆ ಬೋಳಿಸಿ ರುಕ್ಮಿಣಿಯಾದ. ಎಂಥ ಚೆಂದದ ಹೆಣ್ಣು ಎಂದು ಊರೇ ಹೊಗಳಿತು.

ಎರಡು ಸಾವಿರದ ದಶಕದ ಕೊನೆಯಲ್ಲಿ ಗೆಳತಿಯ ಅಪ್ಪ ತಮ್ಮ ಚಿಕ್ಕ ತಂಡವನ್ನು ಮೆಲ್ಬರ್ನಿಗೆ ಕರೆತಂದರು. ಮುಖ್ಯ ಹೆಣ್ಣುಪಾತ್ರ ತಮ್ಮನದು. ಅಪ್ಪನ ಮಾತನ್ನು ಇಂಗ್ಲಿಷಿಗೆ ಮಾಡಿ ಹೇಳಲು ಮಗಳು ಬೇಕಾದಳು. ನಾನೂ ನನ್ನ ಗಂಡನೂ ಅವಳ ಜೊತೆ ಹೋಗಿ, ಅಲ್ಲಿನ ಟ್ರುಗನಿನಾ ಬಡಾವಣೆಯಲ್ಲಿದ್ದ ನಾದಿನಿಯ ಮನೆಯಲ್ಲಿ ಇಳಿದುಕೊಂಡೆವು.

ಆಟದ ದಿನ ಗೆಳತಿಯ ತಮ್ಮ ರಂಗದ ಹಿಂದಿನ ಮೆಟ್ಟಿಲಲ್ಲಿ ಜಾರಿ ಬಿದ್ದ. ಕಾಲು ಊದಿಕೊಂಡಿತು. ವೇಷದ ಪೆಟ್ಟಿಗೆ ಎತ್ತಿಕೊಡಲು ಹೋಗಿದ್ದ ನಾನು ಅಲ್ಲೇ ಇದ್ದೆ. ಗೆಳತಿ ಅಪ್ಪನ ಮುಂದೆ ಮಂಡಿಯೂರಿ ಏನೋ ಕೇಳಿದಳು. ಅವರು ಕೈಯಲ್ಲಿದ್ದ ವಿಗ್ಗಿನಿಂದ ಕಣ್ಣೆತ್ತದೆ ಒಂದೇ ಮಾತಲ್ಲಿ ಮುಗಿಸಿದರು.

"ನಾನು ಮಾಡ್ತೀನಿ ಅಂದೆ," ಎಂದಳು ನನ್ನ ಹತ್ತಿರ ಬಂದು. "ಮನೆತನದ ಹೆಸರು ಹಾಳಾಗುತ್ತಂತೆ."

ಅಕ್ಕನಿಂದಲೇ ಪ್ರತಿ ಹೆಜ್ಜೆ ಕಲಿತ ಆ ತಮ್ಮ, ಕಾಲಿಗೆ ಐಸ್ ಇಟ್ಟುಕೊಂಡು ಕೂತಿದ್ದ. ತುಟಿ ಪಿಟಕ್ಕೆನ್ನಲಿಲ್ಲ. ಅಪ್ಪನಿಗಿಂತ ಅವನ ಮೇಲೇ ನನಗೆ ಹೆಚ್ಚು ಸಿಟ್ಟು ಬಂತು, ಈಗಲೂ ಇದೆ.

ಪ್ರೇಕ್ಷಕರ ಸಾಲಿಗೆ ಬಂದು ಗಂಡನ ಪಕ್ಕ ಕೂತು ಎಲ್ಲ ಹೇಳಿದೆ.

"ಅದು ಅವ್ರ ಟ್ರೆಡಿಷನ್ ಕಣೆ. ನಿಂಗ್ಯಾಕೆ ಟೆನ್ಷನ್?"

"ಟ್ರೆಡಿಷನ್ ಅಂದ್ರೆ ನಮ್ಮನ್ನ ಕೆಳಗಿಳ್ಸೋದೊಂದೇನಾ? ಸುಮ್ನೆ ಕೂತ್ಕೊಳ್ಳಿ."

ಅಪ್ಪ ರಂಗದ ಮೇಲೆ ಬಂದರು. ಗೆಳತಿ ಮೈಕ್ ಹಿಡಿದು ಕೆಳಗೆ, ಮೆಟ್ಟಿಲ ಪಕ್ಕ ನಿಂತಿದ್ದಳು. ಅನುವಾದ ಮಾಡುವವಳಿಗೂ ಮೇಲೆ ಜಾಗವಿರಲಿಲ್ಲ. ಮಗನಿಗೆ ಪೆಟ್ಟಾಗಿದೆ, ನಾಟಕ ರದ್ದಾಗಿದೆ, ಕ್ಷಮಿಸಿ ಎಂದರು ಅವರು. ಅವಳು ಅದನ್ನೆಲ್ಲ ಅವರದೇ ಮಾತಾಗಿ, "ನಾನು", "ನನ್ನ ಮಗ" ಎಂದೇ ಹೇಳುತ್ತ ಹೋದಳು. ಆಮೇಲೆ ಅವರು ಇನ್ನೊಂದು ವಾಕ್ಯ ಸೇರಿಸಿದರು. ಅವಳು ಬಾಯಿ ತೆರೆಯಲಿಲ್ಲ. ಅಪ್ಪ ತಿರುಗಿ ನೋಡಿದರು.

"ಈ ಪಾತ್ರ ಮಾಡಬಲ್ಲವರು ಇಲ್ಲಿ ಬೇರೆ ಯಾರೂ ಇಲ್ಲ," ಎಂದಳು ಇಂಗ್ಲಿಷಿನಲ್ಲಿ. "ಹಾಗಂತ ನನ್ನ ಅಪ್ಪ ಹೇಳುತ್ತಿದ್ದಾರೆ. ತಮ್ಮನಿಗೆ ಇದನ್ನು ಕಲಿಸಿದವಳು ನಾನು."

ಇಂಗ್ಲಿಷ್ ಬಾರದ ಆ ಅಪ್ಪ ತಮ್ಮ ಮಾತು ಸರಿಯಾಗಿ ತಲುಪಿತೆಂದುಕೊಂಡು ನಮಗೆಲ್ಲ ಸೊಂಟ ಬಗ್ಗಿಸಿ ನಮಸ್ಕರಿಸಿದರು.